ಹೋದ್ವಿ ಅಂದರೆ ಎಷ್ಟು ಜನ

"ಮಾರನೇ ದಿನ ನಾವು ನೆಲದ ಕೆಳಗಿನ ಊರು ನೋಡಿದ್ವಿ," ಎನ್ನುತ್ತ ಅನಂತಪದ್ಮನಾಭ ಟೀವಿಯ ಮೇಲೆ ಹೊಸ ಫೋಟೋ ತಂದ. "ಕೂಬರ್ ಪೀಡಿ ಅಂತ. ಹೊರಗೆ ಕಣ್ಣು ಬಿಡೋಕಾಗದ ಬಿಸಿಲು, ಒಳಗೆ ತಣ್ಣಗೆ. ಮನೆ, ಚರ್ಚು, ಪುಸ್ತಕದ ಅಂಗಡಿ ಎಲ್ಲಾ ಗುಡ್ಡ ಕೊರೆದು ಮಾಡಿರೋದು. ನಾವಂತೂ ದಂಗಾಗಿ ಹೋದ್ವಿ."

ರಮಾ ದಂಗಾಗಿರಲಿಲ್ಲ. ಆ ಊರನ್ನು ಅವಳು ನೋಡಿಯೇ ಇರಲಿಲ್ಲ. ಹಿಂದಿನ ದಿನವೇ, ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ, ಗಂಡನನ್ನು ರೈಲಿನಲ್ಲೇ ಬಿಟ್ಟು ಅವಳು ಒಬ್ಬಳೇ ಇಳಿದುಬಿಟ್ಟಿದ್ದಳು. ಈ ಸಂಗತಿ ಕೋಣೆಯಲ್ಲಿದ್ದವರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ತಟ್ಟೆಯಲ್ಲಿ ಉಳಿದ ಬಿಸಿಬೇಳೆಬಾತಿನಿಂದ ಗೋಡಂಬಿ ಆರಿಸಿ ಪಕ್ಕಕ್ಕಿಡುತ್ತಿದ್ದಳು. ಇನ್ನೊಬ್ಬ ರಿಮೋಟು ಹಿಡಿದುಕೊಂಡು ನಾವು ನಾವು ಎನ್ನುತ್ತಿದ್ದ.

ಭಾನುವಾರದ ಮಧ್ಯಾಹ್ನ. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸ್ಯಾನ್ ರಮೋನ್‌ನ ಕಮ್ಯುನಿಟಿ ಸೆಂಟರಿನಲ್ಲಿ ರಮಾ ವಾರಕ್ಕೊಮ್ಮೆ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ಇವತ್ತು ಕ್ಲಾಸು ಮುಗಿದ ಮೇಲೆ ಅಲ್ಲೇ ಹತ್ತಿರದ ಕೇದಾರನ ಮನೆಯಲ್ಲಿ ಊಟ. ಕೇದಾರ ಹುಬ್ಬಳ್ಳಿಯವನು, ಹಿಂದೆ ಅನಂತಪದ್ಮನಾಭನ ಕೈಕೆಳಗೆ ಕೆಲಸ ಮಾಡಿದವನು, ಅವನು ರಿಟೈರ್ ಆದ ಮೇಲೂ ಸರ್ ಎನ್ನುವುದನ್ನು ಬಿಡದವನು. ಹೆಂಡತಿ ಕಾವ್ಯಾ ಬೆಂಗಳೂರಿನವಳು. ಮಗಳು ತನ್ವಿ ರಮಾಳ ಕ್ಲಾಸಿನ ಹುಡುಗಿ. ಕನ್ನಡವೆಲ್ಲ ತಲೆಗೆ ಹೋಗುತ್ತದೆ, ಬಾಯಿಂದ ಹೊರಬರುವುದು ಮಾತ್ರ ಇಂಗ್ಲಿಷು. ಇವರೆಲ್ಲರಿಗಿಂತ ಹಿರಿಯರಾಗಿ ಕೇದಾರನ ತಾಯಿ ದಾನವ್ವ, ಸೋಫಾದ ಮೇಲೆ ಕಾಲು ಮಡಿಸಿ ಕುಳಿತು ಆಸ್ಟ್ರೇಲಿಯಾವನ್ನು ಅನುಮಾನದಿಂದ ನೋಡುತ್ತಿದ್ದರು.

"ಅಲ್ರೀ, ಅಷ್ಟ ದೂರ ಹೋಗಿ ಬರೇ ಕೆಂಪು ಮಸಾರಿ ಮಣ್ಣ ನೋಡಿ ಬಂದ್ರ್ಯಾ?" ಎಂದು ಕೇಳಿದರು. "ನಮ್ಮ ಊರ ಕಡೆ ಬಂದಿದ್ರ ಬಸ್ಸಿನಾಗ ಕುಂತ ತೋರಸ್ತಿದ್ದೆ."

ಎಲ್ಲರೂ ನಕ್ಕರು. ಅನಂತಪದ್ಮನಾಭನೂ ನಕ್ಕ. ಅವನಿಗೆ ಇಂಥ ಸಭೆ ಇಷ್ಟ. ರಿಟೈರ್ ಆದಾಗಿನಿಂದ ಅವನ ಮಾತು ಕೇಳಲು ಇಷ್ಟು ಜನ ಒಂದೇ ಕಡೆ ಸಿಕ್ಕಿರಲಿಲ್ಲ. ಆ ರೈಲಿನ ಕಥೆಯನ್ನು ಅವನು ಮೊದಲಿನಿಂದ ಶುರುಮಾಡಿ, ಅರ್ಧ ಮೈಲಿ ಉದ್ದದ ಬೆಳ್ಳಿ ಬಣ್ಣದ ಗಾಡಿ, ಮೇಲಿನ ಡಾರ್ವಿನ್‌ನಿಂದ ಕೆಳಗಿನ ಅಡಿಲೇಡ್‌ವರೆಗೆ ಖಂಡದ ಹೊಟ್ಟೆಯನ್ನು ಸೀಳಿಕೊಂಡು ಹೋಗುವ ಹಳಿ, ಹಗಲು ಸೋಫಾ ಆಗಿದ್ದದ್ದು ನಾವು ಊಟ ಮುಗಿಸಿ ಬರುವಷ್ಟರಲ್ಲಿ ಮೇಲೊಂದು ಕೆಳಗೊಂದು ಹಾಸಿಗೆಯಾಗಿ ದಿಂಬಿನ ಮೇಲೆ ಚಾಕೊಲೇಟು ಇಟ್ಟಿರುವುದು, ದೇವರ ಗೂಡಿನಷ್ಟೇ ಇರುವ ಬಚ್ಚಲಿನಲ್ಲಿ ಬಿಸಿನೀರು ಮಾತ್ರ ಧಾರಾಳವಾಗಿ ಬರುವುದು ಎಲ್ಲವನ್ನೂ ಹೇಳಿಯಾಗಿತ್ತು. ಇಷ್ಟರಲ್ಲಿ ಸುಳ್ಳೇನೂ ಇರಲಿಲ್ಲ. ಕೆಳಗಿನ ಹಾಸಿಗೆಯನ್ನು ಅವನು ರಮಾಳಿಗೇ ಬಿಟ್ಟುಕೊಟ್ಟಿದ್ದ. ಬೆಳಗಿನ ಜಾವ ಅವಳಿಗಿಂತ ಮೊದಲೆದ್ದು, ಓಲಾಡುವ ಕಾರಿಡಾರಿನಲ್ಲಿ ಎರಡೂ ಕೈಯಲ್ಲಿ ಕಪ್ಪು ಹಿಡಿದು ಚಹಾ ತಂದುಕೊಟ್ಟಿದ್ದ. ಆ ಹೊತ್ತಿನಲ್ಲಿ ಕಿಟಕಿಯಾಚೆ ಗೆದ್ದಲಿನ ಹುತ್ತಗಳು ಸಾಲಾಗಿ ಹಿಂದೆ ಹೋಗುತ್ತಿದ್ದವು. ರಮಾ ಆ ಚಹಾ ಕುಡಿಯುತ್ತ, ಇವನು ಕೆಟ್ಟವನಲ್ಲ ಅಂದುಕೊಂಡಿದ್ದಳು. ಈಗಲೂ ಹಾಗೆಯೇ ಅಂದುಕೊಳ್ಳುತ್ತಾಳೆ. ತಾಪತ್ರಯ ಇರುವುದೇ ಅಲ್ಲಿ.

"ಊಟಕ್ಕ ಏನ್ ಕೊಟ್ರು?" ದಾನವ್ವ ಕೇಳಿದರು.

"ಕಾಂಗರೂ, ಮೊಸಳೆ," ಅಂದ ಅನಂತಪದ್ಮನಾಭ. ದಾನವ್ವ ಶಿವ ಶಿವಾ ಎಂದು ಕೆನ್ನೆ ಮುಟ್ಟಿಕೊಂಡ ಮೇಲೆ, "ನಾವು ಕುಂಬಳಕಾಯಿ ತಿಂದ್ವಿ, ಹೆದರ್ಕೋಬೇಡಿ," ಎಂದು ಸೇರಿಸಿದ.

ರಮಾ ಮೊದಲ ದಿನ ಕುಂಬಳಕಾಯಿ ತಿಂದದ್ದು ನಿಜ. ತಿಂದ್ವಿ ಎಂಬುದು ಅಲ್ಲಿಯವರೆಗೆ ಸರಿಯಾಗಿಯೇ ಇತ್ತು.

ಇವತ್ತು ಬೆಳಿಗ್ಗೆ ಕ್ಲಾಸಿನಲ್ಲಿ ಅವಳು ಕಲಿಸಿದ್ದೂ ಇದನ್ನೇ. ಬೇಕೆಂದು ಆರಿಸಿಕೊಂಡದ್ದಲ್ಲ, ಪಾಠದ ಸರದಿ ಬಂದಿತ್ತು. ಕನ್ನಡದಲ್ಲಿ ಯಾರು ಅಂತ ಹೇಳದಿದ್ದರೂ ನಡೆಯುತ್ತದೆ ಮಕ್ಕಳೇ, ಮಾತಿನ ಬಾಲ ನೋಡಿದರೆ ಸಾಕು ಎಂದು ಬೋರ್ಡಿನ ಮೇಲೆ ಬರೆದಿದ್ದಳು. ಹೋದೆ. ಹೋದ್ವಿ. ಹೋದೆ ಅಂದರೆ ಒಬ್ಬರೇ. "ಹೋದ್ವಿ ಅಂದರೆ ಎಷ್ಟು ಜನ, ಟೀಚರ್?" ಎಂದು ತನ್ವಿ ಕೇಳಿದ್ದಳು. ಇಂಗ್ಲಿಷಿನ ಹುಡುಗಿ ಅಪರೂಪಕ್ಕೆ ಪೂರ್ತಿ ಕನ್ನಡದಲ್ಲಿ ಕೇಳಿದ್ದಕ್ಕೆ ರಮಾಳಿಗೆ ಖುಷಿಯಾಗಿ, "ಕಡಿಮೆ ಅಂದ್ರೂ ಇಬ್ಬರಿರಬೇಕು ಕಣೆ," ಅಂದಿದ್ದಳು.

ಆ ರೈಲಿನಲ್ಲಿ ಒಂದು ಪದ್ಧತಿ ಇದೆ. ಊಟದ ಬೋಗಿಯಲ್ಲಿ ಗಂಡ ಹೆಂಡತಿ ಇಬ್ಬರೇ ಕೂರುವಂತಿಲ್ಲ. ನಾಲ್ಕು ಕುರ್ಚಿಯ ಮೇಜು, ಎದುರಿಗೆ ಯಾರೋ ಅಪರಿಚಿತರು. ಅವರ ಜೊತೆ ಮಾತಾಡಿಕೊಂಡು ಊಟ ಮಾಡಬೇಕು. ಕ್ಯಾಥರಿನ್ ಎಂಬಲ್ಲಿ ದೋಣಿ ಹತ್ತಿ ಕಣಿವೆ ನೋಡಿಬಂದ ಸಂಜೆ ಇವರೆದುರು ಕುಳಿತವರು ಪರ್ತ್ ಕಡೆಯ ಗೋಧಿ ಬೆಳೆಗಾರ ಮತ್ತು ಅವನ ಹೆಂಡತಿ. ಬಿಸಿಲಿಗೆ ಬೆಂದ ಮೂಗಿನ, ದೊಡ್ಡ ನಗುವಿನ ಹೆಂಗಸು. ರಮಾ ಏನು ಕೆಲಸ ಮಾಡುತ್ತಾಳೆಂದು ಆಕೆ ಕೇಳಿದಳು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಔಷಧಿಗಾಗಿ ಜೀವಕೋಶಗಳನ್ನು ಬೆಳೆಸುವ ಕೆಲಸ, ಹಾಲಿಗೆ ಹೆಪ್ಪು ಹಾಕಿ ಕಾದ ಹಾಗೆ ಕಾಯಬೇಕು ಎಂದು ರಮಾ ಹೇಳಿದ್ದು ಆಕೆಗೆ ಬಹಳ ಹಿಡಿಸಿತು. ಇನ್ನೆಷ್ಟು ದಿನ ಈ ಕೆಲಸ, ಆಮೇಲೆ ಏನು ಮಾಡುತ್ತೀರಿ ಎಂದು ಕೇಳಿದಳು.

ರಮಾ ಬಾಯಿ ತೆರೆದಳು. ಅಷ್ಟರಲ್ಲಿ ಅನಂತಪದ್ಮನಾಭ ಇಂಗ್ಲಿಷಿನಲ್ಲಿ, "ನಾವು ಊರಿಗೆ ವಾಪಸ್ ಹೋಗೋದು ಅಂತ ತೀರ್ಮಾನ ಮಾಡಿದ್ದೇವೆ. ಮೈಸೂರಿಗೆ. ಬರುವ ಬೇಸಿಗೆಗೆ," ಅಂದ.

ಅಂದು ಸುಮ್ಮನಾಗಲಿಲ್ಲ, ಫೋನು ತೆಗೆದ. ಹಿರಿಯರಿಗೆಂದೇ ಮೈಸೂರಿನಲ್ಲಿ ಕಟ್ಟುತ್ತಿರುವ ಮನೆಗಳು. ಒಂದನ್ನು ಬುಕ್ ಮಾಡಿಯಾಗಿದೆ. ಇದು ಅಡುಗೆಮನೆ, ಇದು ಪೂಜೆಗೆ, ಇದು ಮಗ ಬಂದರೆ ಇಳಿದುಕೊಳ್ಳಲು. ತನ್ನ ಅಡುಗೆಮನೆಯ ನಕ್ಷೆಯನ್ನು ರಮಾ ಮೊದಲ ಸಲ ನೋಡಿದ್ದು ಹಾಗೆ, ಮೇಜಿನ ಆಚೆಯಿಂದ, ತಲೆಕೆಳಗಾಗಿ, ಗೋಧಿ ಬೆಳೆಗಾರನ ಹೆಂಡತಿ ನೋಡಿದ ಮೇಲೆ. ಆಕೆ ಪಾಪ ಒಳ್ಳೆಯ ಮನಸ್ಸಿನಿಂದಲೇ, ಅಡುಗೆಮನೆಯ ಕಿಟಕಿಯಿಂದ ಏನು ಕಾಣುತ್ತದೆ ಎಂದು ರಮಾಳನ್ನು ಕೇಳಿದಳು. ರಮಾ ಕಿಟಕಿಯನ್ನು ಹುಡುಕಿದಳು. ಎಲ್ಲಿದೆಯೆಂದು ತಿಳಿಯಲಿಲ್ಲ. ಎಲ್ಲರೆದುರು ಮುಖಕ್ಕೆ ಹೊಡೆಸಿಕೊಂಡ ಹಾಗಾಗಿ, ನೀರಿನ ಲೋಟ ಎತ್ತಿಕೊಂಡಳು.

ಹಾಸಿಗೆ ಬಿಚ್ಚಿದ್ದ ಕ್ಯಾಬಿನ್ನಿಗೆ ಬಂದ ಮೇಲೆ ಕೇಳಿದಳು. "ಯಾವಾಗ್ರೀ ತೀರ್ಮಾನ ಮಾಡಿದ್ದು?"

"ಮಾತಾಡಿದ್ವಲ್ಲ."

"ಯಾರು ಮಾತಾಡಿದ್ದು?"

"ನಾನು, ಪ್ರದ್ಯುಮ್ನ ಇಬ್ರೂ ಕೂತು ಎಲ್ಲಾ ನೋಡಿದ್ವಿ. ನಿಂಗೂ ಎಷ್ಟು ಸಲ ಹೇಳಿಲ್ಲ, ಒಂದಿನ ವಾಪಸ್ ಹೋಗೋಣ ಅಂತ?"

ಸಿಯಾಟಲ್‌ನಲ್ಲಿರುವ ಮಗ ಪ್ರದ್ಯುಮ್ನನಿಗೆ ಗೊತ್ತಿದೆ. ಪರ್ತ್‌ನ ರೈತನಿಗೆ ಗೊತ್ತಾಯಿತು. ರಮಾ ಕೆಳಗಿನ ಹಾಸಿಗೆಯ ಅಂಚಿನಲ್ಲಿ ಕುಳಿತಿದ್ದಳು. "ಹೋಗೋಣ ಅಂದ್ರೆ ಕೇಳಿದ ಹಾಗೆ ಕಣ್ರೀ," ಅಂದಳು. "ಎದುರಿಗಿರೋರು ಹೂಂ ಅನ್ನಬೇಕು. ನಾನು ಹೂಂ ಅಂದಿದ್ನಾ?"

ಅನಂತಪದ್ಮನಾಭ ನಕ್ಕುಬಿಟ್ಟ. "ಇದೇನು ನಿನ್ನ ಕನ್ನಡ ಕ್ಲಾಸಾ?" ಅಂದು ಏಣಿ ಹತ್ತಿ ಮೇಲೆ ಹೋಗಿ ಮಲಗಿದ. ಜಗಳ ಆಗಿದೆ ಎನ್ನುವುದು ಕೂಡ ಅವನಿಗೆ ಹೊಳೆದಿರಲಿಲ್ಲ.

ಜಗಳವಾಡಿದ್ದರೆ ರಮಾ ಇಳಿಯುತ್ತಿರಲಿಲ್ಲವೇನೋ. ಆ ನಗು ಅವಳ ಮೈಯೆಲ್ಲ ಉರಿಸಿತು. ಬೆಳಿಗ್ಗೆ ಅವನು ತಂದ ಚಹಾ ಕುಡಿದ ಮೇಲೂ ಆ ಉರಿ ಆರಿರಲಿಲ್ಲ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ರೈಲು ನಿಂತಾಗ, ಊರು ನೋಡಲು ಹೊರಟವರ ಜೊತೆ ಅವಳೂ ಇಳಿದಳು, ಕೈಚೀಲ ಹಿಡಿದುಕೊಂಡು. "ಬ್ಯಾಗ್ ಯಾಕೆ?" ಅಂದ. "ನಾನು ಇಲ್ಲೇ ಇರ್ತೀನಿ. ಸಿಡ್ನಿ ಏರ್‌ಪೋರ್ಟಿಗೆ ಬರ್ತೀನಿ," ಅಂದಳು. ಅವನು ಈ ಸಲ ನಗಲಿಲ್ಲ, ಆದರೆ ನಂಬಲೂ ಇಲ್ಲ. ಸಂಜೆ ರೈಲು ಹೊರಡುವವರೆಗೆ ಪ್ಲಾಟ್‌ಫಾರ್ಮಿನ ಕಡೆಯೇ ನೋಡುತ್ತಿದ್ದನೋ ಏನೋ, ರಮಾಳಿಗೆ ಗೊತ್ತಿಲ್ಲ. ಅವಳು ಆ ಕಡೆ ಹೋಗಲಿಲ್ಲ. ಅವಳ ದೊಡ್ಡ ಸೂಟ್‌ಕೇಸು ಸಾಮಾನಿನ ಬೋಗಿಯಲ್ಲಿ ಗಂಡನ ಜೊತೆ ಅಡಿಲೇಡ್‌ಗೆ ಹೋಯಿತು.

ಸಿಡ್ನಿಯಲ್ಲಿ ಅವನು ಎರಡೂ ಸೂಟ್‌ಕೇಸು ತಳ್ಳಿಕೊಂಡು ಬಂದವನು, "ಏನಾದ್ರೂ ತಿಂದ್ಯಾ?" ಎಂದು ಕೇಳಿದ. ಅಷ್ಟೇ. ವಿಮಾನದಲ್ಲಿ ಪಕ್ಕ ಪಕ್ಕದ ಸೀಟಿನಲ್ಲಿ ಕುಳಿತು ಶಾಂತಸಾಗರ ದಾಟಿ ಬಂದರು. ಬಂದು ಮೂರು ವಾರವಾಯಿತು, ಆ ಮಾತು ಇನ್ನೂ ಎದ್ದಿರಲಿಲ್ಲ. ಎದ್ದಿದ್ದು ಬೇರೆಯೇ. ಸ್ಯಾನ್ ಮಟಿಯೋದ ತಮ್ಮ ಮನೆ ಮಾರಿಕೊಡುವ ಏಜೆಂಟಿಗೆ ಅನಂತಪದ್ಮನಾಭ ಬುಧವಾರ ಬರಲು ಹೇಳಿದ್ದ. ಅವನು ಬಂದು ಮನೆಯ ಮುಂದೆ ಮಾರಾಟದ ಬೋರ್ಡು ನೆಟ್ಟರೆ ಮುಗಿಯಿತು. ಆಮೇಲೆ ಲ್ಯಾಬು, ಕ್ಲಾಸು, ಹಿತ್ತಲಲ್ಲಿ ಈ ವರ್ಷ ಮೊದಲ ಸಲ ಕಾಯಿ ಕಚ್ಚಿದ ನಿಂಬೆಗಿಡ, ಒಂದೊಂದಾಗಿ ತಾವೇ ಬಿಟ್ಟುಹೋಗುತ್ತವೆ. ಮೈಸೂರು ಬೇಡ ಎಂದಲ್ಲ. ಕೇಳಿದ್ದರೆ ಅವಳು ಹೂಂ ಎಂದರೂ ಎನ್ನುತ್ತಿದ್ದಳು. ಕೇಳಲಿಲ್ಲವಲ್ಲ.

ಟೀವಿಯ ಮೇಲೆ ಈಗ ಅನಂತಪದ್ಮನಾಭ ಗುಹೆಯಂಥ ಚರ್ಚಿನ ಮುಂದೆ ನಿಂತಿದ್ದ. ಮುಂದಿನದರಲ್ಲಿ ಗಣಿಯ ಬಾಯಿಯ ಹತ್ತಿರ. ಅದರ ಮುಂದಿನದರಲ್ಲಿ ಮರುಭೂಮಿಯ ನಡುವೆ, ನಿಂತ ರೈಲಿನ ಪಕ್ಕ. ಯಾರದೋ ಕೈಯಲ್ಲಿ ಫೋನು ಕೊಟ್ಟು ತೆಗೆಸಿಕೊಂಡ ಫೋಟೋಗಳು. ಎಲ್ಲದರಲ್ಲೂ ಅವನು ನಟ್ಟನಡುವೆ ನಿಲ್ಲದೆ ಒಂದು ಪಕ್ಕಕ್ಕೆ ನಿಂತಿದ್ದ. ಎಡಗಡೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ. ಇಷ್ಟು ವರ್ಷ ಫೋಟೋಕ್ಕೆ ಹಾಗೆಯೇ ನಿಂತು ಅಭ್ಯಾಸ. ರಮಾ ಈ ಫೋಟೋಗಳನ್ನು ನೋಡುತ್ತಿರುವುದು ಇವತ್ತೇ ಮೊದಲು, ಗೋಡಂಬಿ ಆರಿಸುವುದನ್ನು ಬಿಟ್ಟು ಅವಳು ಆ ಖಾಲಿ ಜಾಗವನ್ನೇ ನೋಡಿದಳು.

ಜಾಗ ದಾನವ್ವನಿಗೂ ಕಂಡಿತು. "ಯವ್ವಾ ರಮಾ, ಎಲ್ಲಾ ಪೋಟೋದಾಗ ಇವರೊಬ್ಬರ ನಿಂತಾರಲ್ಲ. ನೀ ಎಲ್ಲಿ ಹೋಗಿದ್ದಿ?"

ಅನಂತಪದ್ಮನಾಭನ ಕೈ ರಿಮೋಟಿನ ಮೇಲೆ ನಿಂತಿತು.

"ಅತ್ತೆ, ಫೋಟೋ ತೆಗೆದಿರೋದೇ ರಮಕ್ಕ ಅಲ್ವಾ," ಅಂದಳು ಕಾವ್ಯಾ ಮೊಸರನ್ನದ ಪಾತ್ರೆ ತರುತ್ತ. "ತೆಗೆಯೋರು ಫೋಟೋದಲ್ಲಿ ಹೇಗ್ ಬರ್ತಾರೆ?"

ಬಾಗಿಲು ತೆರೆದು ಹಿಡಿದ ಹಾಗಾಯಿತು. ಹೌದೆಂದು ತಲೆಯಾಡಿಸಿದರೆ ಎಲ್ಲರೂ ಊಟ ಮುಂದುವರಿಸುತ್ತಾರೆ. ಬುಧವಾರ ಏಜೆಂಟು ಬರುತ್ತಾನೆ. ರಮಾ ತಟ್ಟೆಯನ್ನು ಕೆಳಗಿಟ್ಟಳು.

"ಇಲ್ಲ ಕಾವ್ಯಾ, ಅವು ನಾನು ತೆಗೆದಿದ್ದಲ್ಲ. ನಾನು ಅಲ್ಲಿಗೆ ಹೋಗ್ಲೇ ಇಲ್ಲ. ಹಿಂದಿನ ದಿನಾನೇ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಇಳ್ಕೊಂಡೆ."

"ಅಯ್ಯೋ, ಹುಷಾರಿರ್ಲಿಲ್ವಾ?"

"ಸ್ವಲ್ಪ ತಲೆ ಸುತ್ತು ಬಂದಿತ್ತು ಅವಳಿಗೆ," ಅಂದ ಅನಂತಪದ್ಮನಾಭ. ಇದು ಎರಡನೆಯ ಬಾಗಿಲು. ಅವನು ಅದನ್ನು ತೆರೆದದ್ದು ಅವಳ ಮಾನ ಉಳಿಸಲೋ ತನ್ನದನ್ನೋ ಅವನಿಗೇ ತಿಳಿದಿರಲಾರದು.

"ಚೆನ್ನಾಗೇ ಇದ್ದೆ," ಅಂದಳು ರಮಾ.

ಕೇಳಿದ್ದನ್ನು ತಲೆಯಲ್ಲೇ ಇಂಗ್ಲಿಷಿಗೆ ತಿರುಗಿಸಿಕೊಳ್ಳುತ್ತಿದ್ದ ತನ್ವಿ, "ವೇಟ್, ಬೈ ಯುವರ್‌ಸೆಲ್ಫ್?" ಎಂದಳು. ಕೇದಾರ ಮಗಳನ್ನು ಕಣ್ಣಿನಲ್ಲೇ ಗದರಿಸಿದ. ದಾನವ್ವನಿಗೆ ಮಾತ್ರ ಇದರಲ್ಲಿ ಗದರಿಸುವಂಥದ್ದೇನೂ ಕಾಣಲಿಲ್ಲ. ಅಷ್ಟು ಹೊತ್ತಿನ ಸ್ಲೈಡ್‌ಗಳಲ್ಲಿ ಮೊದಲ ಬಾರಿಗೆ ಅವರಿಗೆ ಕಥೆ ಕೇಳುವ ಆಸೆಯಾಗಿತ್ತು.

"ಒಬ್ಬಾಕೀನ? ಏನ್ ಮಾಡಿದಿ ಅಲ್ಲಿ?"

"ಏನೂ ಇಲ್ಲ ದಾನವ್ವ. ಅಲ್ಲೊಂದು ನದಿ ಇದೆ. ಊರ ಮಧ್ಯಾನೇ ಹೋಗುತ್ತೆ. ಸೇತುವೆ, ದಂಡೆ, ದೊಡ್ಡ ದೊಡ್ಡ ಬಿಳೀ ಮರ, ಎಲ್ಲಾ ಇದೆ. ನೀರು ಮಾತ್ರ ಇಲ್ಲ. ಬರೀ ಮರಳು."

"ನೀರಿಲ್ಲದ ಹೊಳಿ?"

"ಹೂಂ. ಹೋಟೆಲಿಂದ ಬೆಳಿಗ್ಗೆ ಎದ್ದು ಅದರೊಳಗೆ ನಡ್ಕೊಂಡು ಹೋಗ್ತಿದ್ದೆ. ಮೊದಲನೇ ದಿನ ಹೆದರಿಕೆ ಆಯ್ತು, ಹಿಂದಿನಿಂದ ನೀರು ಬಂದ್ಬಿಟ್ರೆ ಅಂತ. ನದಿ ಒಳಗೆ ನಡೀತಿದೀನಿ ಅಲ್ವಾ. ಆಮೇಲೆ ಚಪ್ಪಲಿ ಬಿಟ್ಟೆ. ಒಂದು ಮರದ ಕೆಳಗೆ ಕೂತು ಬ್ರೆಡ್ಡು, ಟೊಮೆಟೊ ತಿಂದೆ. ನಾಯಿ ಒಂದು ಬಂದು ಪಕ್ಕದಲ್ಲಿ ಮಲ್ಕೊಳ್ತು. ಯಾರ ನಾಯೋ. ಯಾರೂ ನನ್ನ ಏನೂ ಕೇಳ್ಲಿಲ್ಲ, ನಾನೂ ಯಾರ ಹತ್ರಾನೂ ಮಾತಾಡ್ಲಿಲ್ಲ. ಎರಡು ದಿನ ಅಷ್ಟೇ ಮಾಡಿದ್ದು."

"ಉಸುಕಿನಾಗ ವರತಿ ತೋಡಲಿಲ್ಲ?" ಅಂದರು ದಾನವ್ವ. ಎರಡೂ ಕೈಯಿಂದ ಮಡಿಲ ಮುಂದೆ ಮರಳು ಬಗೆದು ತೋರಿಸಿದರು. "ನಮ್ಮ ಹಳ್ಳದಾಗ ಹಿಂಗ ಮೊಣಕೈ ಮಟ ಬಗದ್ರ ನೀರು ಬರ್ತಾವ. ತಣ್ಣಗ. ಮ್ಯಾಲೆ ಒಣಗಿದ್ರೂ ತಳದಾಗ ಇರತಾವ."

"ಹೊಳೀಲೇ ಇಲ್ಲ ನಂಗೆ," ಅಂದಳು ರಮಾ, ನಿಜವಾಗಿಯೂ ಬೇಜಾರಾಗಿ.

ಹೇಳಿ ಮುಗಿಸಿದ ಮೇಲೆ ಅವಳಿಗೆ ಹಗುರವಾಯಿತು, ಸ್ವಲ್ಪ ನಾಚಿಕೆಯೂ ಆಯಿತು. ಗಂಡನ ಕಡೆ ನೋಡಿದಳು. ಅವನು ಇವಳನ್ನೇ ನೋಡುತ್ತಿದ್ದ. ಕೋಪ ಇರಲಿಲ್ಲ ಮುಖದಲ್ಲಿ. ಗೋಧಿ ಬೆಳೆಗಾರನ ಹೆಂಡತಿಗೆ ಫೋನು ತೋರಿಸುವಾಗ ಇದ್ದ ಉತ್ಸಾಹವೂ ಇರಲಿಲ್ಲ. ಹೊಸದಾಗಿ ಪರಿಚಯವಾದವರ ಮಾತನ್ನು ಕೇಳಿಸಿಕೊಳ್ಳುವ ಹಾಗೆ, ತುಸು ಮುಂದಕ್ಕೆ ಬಾಗಿ ಕುಳಿತಿದ್ದ.

"ಮುಂದಿಂದು ಹಾಕ್ರಿ ಸರ್," ಅಂದ ಕೇದಾರ, ಮನೆಯೊಡೆಯನ ಕರ್ತವ್ಯವೆಂಬಂತೆ.

ಫೋಟೋ ಬಂತು. ಸಂಜೆಗತ್ತಲು, ಹಳಿಯ ಪಕ್ಕದ ಬಯಲು, ನಡುವೆ ದೊಡ್ಡ ಬೆಂಕಿ, ಸುತ್ತ ಕಂಬಳಿ ಹೊದ್ದ ಜನ.

"ಇದು ಅದೇ ದಿನ ಸಂಜೆ. ರೈಲು ನಿಲ್ಲಿಸಿ ಬೆಂಕಿ ಹಾಕಿದ್ರು. ಕುಡಿಯೋಕೆ ಏನೇನೋ ಕೊಟ್ರು. ಸುತ್ತ ಒಂದು ದೀಪ ಇಲ್ಲ. ಅಲ್ಲಿ ಕೂತ್ಕೊಂಡ್ವಿ..." ಅಂದವನು ನಿಂತ. ಕೆಮ್ಮಿದ. "ಕೂತ್ಕೊಂಡೆ. ತುಂಬಾ ಹೊತ್ತು ಕೂತ್ಕೊಂಡೆ. ಪಕ್ಕದ ಕುರ್ಚೀಲಿ ಯಾರಾದ್ರೂ ಇದಾರಾ ಅಂತ ಒಬ್ಬ ಬಂದು ಕೇಳ್ದ. ಇದಾರೆ ಅಂದೆ."

ಕಾವ್ಯಾ ಗಂಡನ ಮುಖ ನೋಡಿದಳು. ಕೇದಾರ ಮಜ್ಜಿಗೆಯ ಲೋಟ ನೋಡಿದ. ತನ್ವಿ ಮಾತ್ರ ರಮಾಳ ಹತ್ತಿರ ಸರಿದು, ಪಿಸುದನಿಯೆಂದು ತಾನಂದುಕೊಂಡ ದನಿಯಲ್ಲಿ, "ಟೀಚರ್, ಅಂಕಲ್ ಬಾಲ ಕರೆಕ್ಟ್ ಮಾಡಿದ್ರು," ಅಂದಳು.

ಯಾರೂ ನಗಲಿಲ್ಲ. ಮಾತು ಬೇರೆ ಕಡೆ ಹೋದರೆ ಸಾಕಾಗಿದ್ದ ಕೇದಾರ ಕೈಗೆ ಸಿಕ್ಕ ವಿಷಯ ಎತ್ತಿಕೊಂಡ. ಅದೇ ಅವನ ದುರದೃಷ್ಟ. "ಅದಿರ್ಲಿ ಸರ್, ಮೈಸೂರಿಗೆ ಶಿಫ್ಟ್ ಆಗೋದು ಯಾವಾಗ? ಮನಿ ಮಾರಾಕ ಏಜೆಂಟ್‌ನ್ನ ಕರೆಸೀರಂತಲ್ಲ? ನೀವು ಹೋದ್ರ ನಮಗ ಭಾಳ ಬೇಜಾರ ನೋಡ್ರಿ."

ಅನಂತಪದ್ಮನಾಭ ಉತ್ತರ ಕೊಡುವುದರಲ್ಲಿ ಎಂದೂ ತಡಮಾಡಿದವನಲ್ಲ. ಮೀಟಿಂಗುಗಳಲ್ಲಿ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಶುರುಮಾಡುತ್ತಿದ್ದ ಎಂದು ಕೇದಾರನೇ ಹೇಳುತ್ತಿದ್ದ. ಈಗ ಅವನು ರಿಮೋಟನ್ನು ತಿರುಗಿಸಿ ಬ್ಯಾಟರಿಯ ಮುಚ್ಚಳ ನೋಡಿದ. ಟೀಪಾಯಿಯ ಮೇಲೆ ಇಟ್ಟ.

"ನಾನು ಹೋಗ್ಬೇಕು ಅಂತಿದೀನಿ ಕೇದಾರ," ಅಂದ. "ರಮಾನ ಇನ್ನೂ ಕೇಳಿಲ್ಲ."

ಅಡುಗೆಮನೆಯಲ್ಲಿ ಡಿಶ್‌ವಾಶರು ನೀರು ಎಳೆದುಕೊಳ್ಳುವ ಸದ್ದು ಕೇಳಿಸಿತು.

"ಹಂಗಾರ ಕೇಳ್ರಿ," ಅಂದರು ದಾನವ್ವ. ಇದಕ್ಕಿಂತ ಸರಳವಾದ ಸಂಗತಿ ಇನ್ನೊಂದಿಲ್ಲ ಎಂಬಂತೆ ಹೇಳಿ, ಶೇಂಗಾ ಹೋಳಿಗೆಯ ಡಬ್ಬಿಯನ್ನು ರಮಾಳ ಕಡೆಗೆ ತಳ್ಳಿದರು.

ಅವನು ಅಲ್ಲಿ ಕೇಳಲಿಲ್ಲ. ಅಷ್ಟು ಜನರ ಮುಂದೆ ಕೇಳಿದ್ದರೆ ರಮಾಳಿಗೂ ಹಿಡಿಸುತ್ತಿರಲಿಲ್ಲ. ಉಳಿದ ಫೋಟೋಗಳು ಹಾಗೇ ಉಳಿದವು. ಕಾವ್ಯಾ ಬೇಡವೆಂದರೂ ಕೇಳದೆ ಹೋಳಿಗೆ ಕಟ್ಟಿಕೊಟ್ಟಳು, ದಾನವ್ವ ಬಾಗಿಲವರೆಗೆ ಬಂದು ರಮಾಳ ಮುಂಗೈಯನ್ನು ಸುಮ್ಮನೆ ಒಮ್ಮೆ ಹಿಡಿದು ಬಿಟ್ಟರು.

ಕಾರನ್ನು ರಮಾ ಓಡಿಸಿದಳು. ಕ್ಲಾಸಿನ ದಿನ ಹೇಗೂ ಅವಳೇ ಓಡಿಸುವುದು. ಆರು ಎಂಬತ್ತು ಫ್ರೀವೇಯಲ್ಲಿ ಭಾನುವಾರದ ಮಧ್ಯಾಹ್ನಕ್ಕೂ ಕಾರುಗಳು ಒತ್ತಿಕೊಂಡಿದ್ದವು. ಎರಡೂ ಕಡೆಯ ಗುಡ್ಡಗಳು ಬೇಸಿಗೆಯಿಡೀ ಒಣಗಿ ಕಂದು ತಿರುಗಿ ಮೊದಲ ಮಳೆಗೆ ಕಾಯುತ್ತಿದ್ದವು. ಅನಂತಪದ್ಮನಾಭ ಹೋಳಿಗೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದ. ಸಾಮಾನ್ಯವಾಗಿ ಯಾವ ಲೇನು ಹಿಡಿಯಬೇಕು, ಎಲ್ಲಿ ಎಕ್ಸಿಟು ತಗೋಬೇಕು ಎಂದು ಹೇಳುತ್ತಲೇ ಇರುವವನು ಇವತ್ತು ಹೇವರ್ಡ್ ಬರುವವರೆಗೆ ಒಂದೂ ಮಾತಾಡಲಿಲ್ಲ. ಹೇಳುವುದನ್ನು ರಮಾ ಹೇಳಿಯಾಗಿತ್ತು.

ಟೋಲ್ ದಾಟಿ ಕಾರು ಕೊಲ್ಲಿಯ ಮೇಲಿನ ಸೇತುವೆಗೆ ಬಂತು. ಸಮುದ್ರ ಇಳಿತದ ಹೊತ್ತು. ಈ ದಡದ ಹತ್ತಿರ ಕೊಲ್ಲಿಯ ನೀರು ದೂರ ಸರಿದು, ಕೆಸರು ಮೈಲಿಗಟ್ಟಲೆ ಬಿಸಿಲಿಗೆ ಬಿಚ್ಚಿಕೊಂಡು ಬಿದ್ದಿತ್ತು.

"ಆ ನದಿಗೆ ನೀರು ಯಾವಾಗ ಬರುತ್ತಂತೆ?" ಅನಂತಪದ್ಮನಾಭ ಕೇಳಿದ.

"ಗೊತ್ತಿಲ್ಲ. ಯಾರನ್ನೂ ಕೇಳ್ಲಿಲ್ಲ."

ಮುಂದಿನ ಲಾರಿಯ ಬ್ರೇಕು ದೀಪ ಹತ್ತಿ ಆರಿತು. ಅವನು ಡಬ್ಬಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿದ.

"ಕೇಳ್ಬೇಕಿತ್ತು," ಅಂದ.

ಯಾರು ಕೇಳಬೇಕಿತ್ತು ಎಂಬುದು ಆ ಮಾತಿನಲ್ಲಿ ಇರಲಿಲ್ಲ. ಕನ್ನಡದಲ್ಲಿ ಹೀಗೆ ಬಾಲವಿಲ್ಲದ ಮಾತುಗಳೂ ಇವೆ. ನಾನೋ, ನೀನೋ, ನಾವೋ, ಬಿಡಿಸಿ ಹೇಳದಿದ್ದರೆ ತಿಳಿಯುವುದಿಲ್ಲ. ಮಕ್ಕಳಿಗೆ ಕಷ್ಟವಾಗುತ್ತದೆಂದು ರಮಾ ಅದನ್ನು ಮುಂದಿನ ಪಾಠಕ್ಕೆ ಇಟ್ಟುಕೊಂಡಿದ್ದಳು. ಅವಳು ಸ್ಟೀರಿಂಗು ಹಿಡಿದುಕೊಂಡು ಕಾದಳು.

ಸೇತುವೆ ಉದ್ದವಾಗಿತ್ತು.

"ನಾನು," ಅಂದ ಅನಂತಪದ್ಮನಾಭ.

ಕೆಳಗೆ ಕೆಸರಿನಲ್ಲಿ ಒಂದು ಬೆಳ್ಳಕ್ಕಿ ಕಾಲೆತ್ತಿ ಕಾಲಿಟ್ಟು ನಡೆಯುತ್ತಿತ್ತು. ಅದು ಕೊಕ್ಕಿನಿಂದ ಕುಕ್ಕಿದ ಕಡೆಯೆಲ್ಲ ನೀರು ಒಸರಿ, ಸಣ್ಣ ಸಣ್ಣ ಗುಂಡಿಗಳು ತುಂಬಿಕೊಳ್ಳುತ್ತಿದ್ದವು.